ಹುಕ್ಕೇರಿಗೆ ಲಂಡನ್ ಮೇಲೆ ಹಾಯ್ದು

ಸೋತಾಗ ಹೇಳಿಕೊಳ್ಳಲು ಒಂದು ಮರ್ಯಾದಸ್ಥ ಕಾರಣ ಸಿಕ್ಕರೆ ಮುಖ ಅಷ್ಟಾಗಿ ಬಾಡುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ‘ಬೀ ಎ ಗುಡ್ ಲೂಸರ್’ ಎಂದು ಕಲಿಸಿದ್ದರು. ಲೂಸರ್ ಆಗುವುದನ್ನು ನಾನು ಚೆನ್ನಾಗಿಯೇ ಕಲಿತೆ. ಗುಡ್ ಆಗುವುದು ಹಾಗೇ ಉಳಿದುಹೋಯಿತು. ಅಷ್ಟರಲ್ಲಿ ಗೋಕಾಕಕ್ಕೆ ಬ್ರಾಡ್‌ಬ್ಯಾಂಡ್ ಬಂತು, ಅದರ ಬೆನ್ನಿಗೇ ಲ್ಯಾಗ್, ಎಂದರೆ ನೆಟ್ ತಡವರಿಸುವುದು, ಎಂಬ ಕಾರಣವೂ ಬಂತು.

ನನ್ನ ನಾದಿನಿ ಪದ್ಮಾ ಇರುವುದು ಹುಕ್ಕೇರಿಯಲ್ಲಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಇಂಗ್ಲಿಷಿಗೆ ಹೆದರದೆ ಮಾತಾಡಿಸಿದವಳು ಅವಳೊಬ್ಬಳೇ. ಆಗಲೂ ಅವಳ ಕೈಯಲ್ಲಿ ಕೇರಂ ಸ್ಟ್ರೈಕರ್ ಇತ್ತು. ಈಗ ಇಬ್ಬರಿಗೂ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತಲಾಗದು. ಹೀಗಾಗಿ ಭಾನುವಾರ ಮಧ್ಯಾಹ್ನ ಕಂಪ್ಯೂಟರಿನಲ್ಲೇ ಕೇರಂ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಊಟವಾಗಬೇಕು, ಆಟ ಅದಕ್ಕೂ ಮೊದಲೇ ಮುಗಿಯಬೇಕು. ಆದರೆ ಪದ್ಮಾಳಿಗೆ ಸುಮ್ಮನೆ ಆಡಲು ಬರುವುದಿಲ್ಲ. ಒಂದು ಕಾಯಿ ಹಾಕಿದರೆ ಸಾಕು, ಕೆಣಕಲು ಫೋನ್ ಮಾಡುವಳು. ಅಷ್ಟರಲ್ಲಿ ನನ್ನ ಸ್ಟ್ರೈಕರ್ ನಡುದಾರಿಯಲ್ಲಿ ನಿಂತು, ಸರದಿ ಅವಳಿಗೇ ಹೋಗುವುದು. ನಿಂತಿತೆಂದು ಹೇಳಲು ನಾನು ಫೋನ್ ಮಾಡುವುದು. ಲ್ಯಾಗನ್ನು ಬೈದು ಮುಗಿಸುವಾಗ ಒಗ್ಗರಣೆಯ ಹೊತ್ತಾಗಿರುತ್ತಿತ್ತು. ಬೋರ್ಡ್ ಅರ್ಧಕ್ಕೇ ಉಳಿಯುತ್ತಿತ್ತು.

ಒಂದು ದಿನ ಅವಳು ಮೆಲ್ಲಗೆ, “ವೈನಿ, ಕೊಲ್ಹಾಪುರದಾಗ ನಮ್ಮ ನೆಗೆಣ್ಣಿ ಆಡಾಕ ಬರ್ತೇನಂತಾಳ್ರಿ. ಅಕಿ ಲೈನ್ ಭಾಳ ಛಲೋ ಐತಂತ” ಎಂದಳು.

ಆ ಓರಗಿತ್ತಿಯ ಲೈನ್ ನೆನೆದು ನನಗೆ ಎರಡು ದಿನ ಊಟ ಸೇರಲಿಲ್ಲ. ನನ್ನ ಭಾನುವಾರವೇ ಕೈಬಿಟ್ಟು ಹೋಗುವ ಹಾಗಿತ್ತು.

ನಮ್ಮ ಯಜಮಾನರು ಕಂಪ್ಯೂಟರ್ ಮ್ಯಾಗಜಿನ್ ಓದುವವರು. ವಿಪಿಎನ್ ಹಾಕಿದರೆ ಲ್ಯಾಗ್ ಹೋಗುತ್ತದೆ ಎಂದರು. ಅದೊಂದು ಸುರಂಗವಂತೆ, ಸ್ಟ್ರೈಕರ್ ಯಾರಿಗೂ ಡಿಕ್ಕಿ ಹೊಡೆಯದೆ ನೆಟ್ಟಗೆ ಹೋಗುವುದಂತೆ. ಹಾಕಿದರು. ಸುರಂಗ ಲಂಡನ್ನಿನಲ್ಲಿ ಬಾಯಿ ತೆರೆಯಿತು. ಗೋಕಾಕ-ಹುಕ್ಕೇರಿಯ ಆಟ ಮೊದಲೇ ಅಮೆರಿಕದ ಯಾವುದೋ ಕಂಪ್ಯೂಟರಿಗೆ ಹೋಗಿ ಬರುತ್ತಿತ್ತು, ಈಗ ಲಂಡನ್ ಮೇಲೆ ಹಾಯ್ದು ಹೊರಟಿತು. ಮೂಡಲಗಿಯಿಂದ ಪಕ್ಕದ ಕುಲಗೋಡಕ್ಕೆ ಹೊರಟವಳಿಗೆ ದೂರದ ಸಂಕೇಶ್ವರ ತೋರಿಸಿ ಕರೆತಂದ ಹಾಗೆ. ಮೊದಲು ಸ್ಟ್ರೈಕರ್ ನಡುವೆ ನಿಲ್ಲುತ್ತಿತ್ತು. ಈಗ ಹೊರಡುವುದಕ್ಕೇ ಮೀನಮೇಷ ಎಣಿಸತೊಡಗಿತು. ಇಂಟರ್ನೆಟ್ ಕಂಪನಿಯ ದಾರಿಯೇ ಸುತ್ತುಬಳಸಿನದಾಗಿದ್ದರೆ ವಿಪಿಎನ್‌ನಿಂದ ಉಪಯೋಗವಾಗುವುದೂ ಉಂಟಂತೆ. ತೊಡಕು ಹೊಸ್ತಿಲೊಳಗೇ ಇದ್ದರೆ ಪಾಪ, ಲಂಡನ್ ಏನು ಮಾಡೀತು?

ಮುಂದಿನ ಭಾನುವಾರ ಚತುರ್ದಶಿ. ಪದ್ಮಾಳಿಗೆ ಉಪವಾಸ, ಜೊತೆಗೆ ಮೌನ. ಮೌನ ಬಾಯಿಗೆ, ಬೆರಳಿಗಲ್ಲ ಎಂಬುದು ಅವಳ ಸಿದ್ಧಾಂತ, ಆಡಲು ಕೂತಳು. ಲಂಡನ್ ಬೇಸರವಾಗಿ ವಿಪಿಎನ್ ನಾನೇ ತೆಗೆದಿದ್ದೆ. ಅಂದು ಫೋನ್ ಒಮ್ಮೆಯೂ ರಿಂಗಾಗಲಿಲ್ಲ, ಸ್ಟ್ರೈಕರ್ ಒಮ್ಮೆಯೂ ನಿಲ್ಲಲಿಲ್ಲ. ಬಿಸಿಲಿರುವಾಗಲೇ ಬೋರ್ಡ್ ಮುಗಿಯಿತು.

ಯಜಮಾನರು ಫೋನನ್ನೂ ಕಂಪ್ಯೂಟರನ್ನೂ ಸರದಿಯಂತೆ ನೋಡಿದರು. ಎರಡಕ್ಕೂ ಒಂದೇ ವೈರ್, ಫೋನ್ ಬಂದಾಗಲೆಲ್ಲ ನೆಟ್ ಕಡಿಯುತ್ತಿತ್ತು. ಎರಡನ್ನೂ ಬೇರೆ ಮಾಡಲು ಮೋಡೆಮ್ ಜೊತೆ ಒಂದು ಪುಟ್ಟ ಡಬ್ಬಿ ಕೊಟ್ಟಿದ್ದರು. ಯಜಮಾನರು ಅದನ್ನು ಸ್ಪೇರ್ ಎಂದು ತಿಳಿದು, ಧೂಳಾಗದಿರಲೆಂದು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದರು. “ನೀ ಕೇಳಲಿಲ್ಲ, ನಾ ಹೇಳಲಿಲ್ಲ” ಎಂದು ಡಬ್ಬಿ ಜೋಡಿಸಿದರು.

ಮರುದಿನ ಮೌನ ಮುಗಿಸಿ ಪದ್ಮಾ ಫೋನ್ ಮಾಡಿದಳು. “ಕೊಲ್ಹಾಪುರದಾಕಿ ಬ್ಯಾಡ್ರಿ ವೈನಿ. ಒಂದ್ ಬೋರ್ಡ್ ಆಡಿ ನೋಡಿನಿ. ಆಡೂ ಮುಂದ ಅಕಿ ಮಾತಽ ಆಡೂದಿಲ್ಲ.”

ಈಗ ಮಾತೂ ಸ್ಟ್ರೈಕರೂ ಒಟ್ಟೊಟ್ಟಿಗೆ ಓಡುತ್ತವೆ. ಮೊನ್ನೆ ರೆಡ್ ಕಾಯಿಗೆ ಗುರಿಯಿಟ್ಟೆ. ಸ್ಟ್ರೈಕರ್ ನಾನು ಬಿಟ್ಟ ಕಡೆಗೇ, ಒಂದು ಕ್ಷಣ ತಡವಿಲ್ಲದೆ ಹೋಯಿತು. ನಾನು ಬಿಟ್ಟ ಕಡೆ ರೆಡ್ ಇರಲಿಲ್ಲ.

“ಇವತ್ತೂ ಲ್ಯಾಗ್ ಇತ್ತೇನ್ರಿ ವೈನಿ?” ಎಂದು ಪದ್ಮಾ ಕನಿಕರದಿಂದ ಕೇಳಿದಳು.

ಸಿಸ್ಟರ್ ನೆನಪಾದರು. ಡಬ್ಬಿಯ ಪಕ್ಕದಲ್ಲಿ ಮೋಡೆಮ್‌ನ ಹಸಿರು ದೀಪ ನನ್ನನ್ನೇ ನೋಡುತ್ತಿತ್ತು.

“ಇತ್ತವಾ,” ಎಂದೆ, “ಸ್ವಲ್ಪ.”