ಕುಕ್ಕರಿಗಾಗಿ ಸೈಕಲ್ಲು

ಚಿಕ್ಕಬಾಣಾವರದ ಪಟ್ಟಾಭಿರಾಮನಿಗೆ ಸೈಕಲ್ ಕೊಳ್ಳುವ ದುರ್ಬುದ್ಧಿ ಹುಟ್ಟಿದ್ದು ಫ್ಯಾಕ್ಟರಿ ಬಸ್ಸಿನ ಡ್ರೈವರ್ ಬೈರಪ್ಪ ಟೀ ಕುಡಿಯುವುದನ್ನು ನೋಡಿ. ದಾಸರಹಳ್ಳಿಯಲ್ಲಿ ದಿನಾ ಬಸ್ಸು ನಿಲ್ಲಿಸಿ ಬೈರಪ್ಪ ಊದಿ ಊದಿ ಕುಡಿಯುವಷ್ಟು ಹೊತ್ತೂ ಪಟ್ಟಾಭಿ ಸೀಟಿನಲ್ಲಿ ಬೆವರುತ್ತಿದ್ದ. ಬಸ್ಸು ಪೀಣ್ಯದ ಗೇಟು ದಾಟುವುದಕ್ಕೂ ಸೈರನ್ ಕೂಗುವುದಕ್ಕೂ ಸರಿಹೋಗುತ್ತಿತ್ತು.

ಬೆವರುವುದಕ್ಕೆ ಕಾರಣವಿತ್ತು. ವರ್ಷವಿಡೀ ರಜೆ ಹಾಕದೆ, ಒಮ್ಮೆಯೂ ಲೇಟಾಗದೆ ಬಂದವನಿಗೆ ಆ ಸಲ ಪ್ರೆಷರ್ ಕುಕ್ಕರು ಬಹುಮಾನ. ಕಣದಲ್ಲಿ ಉಳಿದವರು ಪಟ್ಟಾಭಿ ಮತ್ತು ಅದೇ ಬೀದಿಯ ನಾಣಿ. ಇಬ್ಬರೂ ಸಮವಾದರೆ ಸರ್ವೀಸು ಜಾಸ್ತಿಯಿದ್ದ ಪಟ್ಟಾಭಿಗೇ ಸಿಗಬೇಕು. ಹೆಂಡತಿ ಭಾನುಮತಿ ಕುಕ್ಕರಿಗೆ ಒಲೆ ಪಕ್ಕ ಜಾಗ ಮಾಡಿ, ಬೀದಿಗೆಲ್ಲ ಸಾರಿಯೂ ಆಗಿತ್ತು.

ಉಳಿದಿದ್ದು ಡಿಸೆಂಬರಿನ ಕೊನೆಯ ದಿನ. “ಇವತ್ತೂ ಆ ಬೈರಪ್ಪನ್ನ ನಂಬ್ಕೊಂಡ್ರೆ ಕೆಟ್ಟೆ ಕಣೇ” ಎಂದ ಪಟ್ಟಾಭಿ, ಹಿಂದಿನ ಸಂಜೆ ಗುಟ್ಟಾಗಿ ತಂದಿಟ್ಟಿದ್ದ ಹಳೇ ಸೈಕಲ್ ಹೊರಗೆಳೆದ. “ನಾಣಿ ಬಂದು ಕೇಳಿದ್ರೆ ಸ್ನಾನ ಮಾಡ್ತಿದಾರೆ ಅನ್ನು. ಗೊತ್ತಾದ್ರೆ ಅವನೂ ಒಂದು ಸೈಕಲ್ ಹತ್ತಿಬಿಟ್ಟಾನು!”

ಅಂಗಳದಲ್ಲೇ ಬಾಡಿಗೆ ಮನೆಯ ಯಜಮಾನಿ ವಸಂತಮ್ಮ ಅಡ್ಡ ನಿಂತರು. “ಅಯ್ಯೋ ಸಾಮಿ, ನಿಂಬೆಹಣ್ಣು ತುಳಿಸ್ದೆ ಅಂಗೇ ಒಂಟ್ರಾ?” ಚಕ್ರದಡಿ ನಿಂಬೆಹಣ್ಣು ಬಂತು, ಹ್ಯಾಂಡಲ್ಲಿಗೆ ಕುಂಕುಮ ಬಂತು, ಅದರ ಹಿಂದೆಯೇ ಕ್ಯಾರಿಯರಿಗೆ ಒಂದು ಮೂಟೆ ಅವರೆಕಾಯಿಯೂ ಬಂತು. “ದಾಸರಳ್ಳೀಲಿ ನನ್ ತಂಗಿ ಮನೆ ದಾರೀಲೇ ಐತೆ. ಕೊಟ್ಟೋಗ್ರಿ.”

ಬೀದಿ ಕೊನೆಯಲ್ಲಿ ಊರ ಹಿರಿಯ ನಲ್ಲಪ್ಪ ಕೈಯೆತ್ತಿದರು. “ನಾನೂ ದಾಸರಳ್ಳಿಗೇ ಸಾಮಿ.”

“ಕ್ಯಾರಿಯರ್ ತುಂಬಿದೆ ನಲ್ಲಪ್ಪನೋರೇ.”

“ಮುಂದ್ಗಡೆ ಕಂಬಿ ಖಾಲಿ ಐತಲ್ಲ!” ಎಂದು ಮುದುಕ ಮದುವಣಿಗನಂತೆ ಹತ್ತಿ ಕೂತೇಬಿಟ್ಟರು. ಅವರ ರುಮಾಲು ಬಿಟ್ಟರೆ ಪಟ್ಟಾಭಿಗೆ ಇನ್ನೇನೂ ಕಾಣಲಿಲ್ಲ. ದಿಬ್ಬ ಬಂದಾಗಲೆಲ್ಲ “ತುಳೀರಿ ಸಾಮಿ, ತುಳೀರಿ, ಬಿಡ್ಬ್ಯಾಡಿ” ಎಂದು ಧೈರ್ಯವನ್ನೇನೋ ಹೇಳಿದರು, ಇಳಿಯಲಿಲ್ಲ.

ಮೂರನೇ ದಿಬ್ಬದಲ್ಲಿ ಚೈನು ಕಳಚಿತು. ಸೈಕಲ್ ಮಗುಚಿತು, ಮೂಟೆ ಬಿಚ್ಚಿ ಅವರೆಕಾಯಿ ರಸ್ತೆ ತುಂಬ ಚೆಲ್ಲಿತು.

“ನಂಗೆ ಲೇಟಾಗ್ತಿದೆ ನಲ್ಲಪ್ಪನೋರೇ, ಬಿಟ್ಬಿಡಿ!”

“ಒಳ್ಳೇ ಸೊಗಡಿನ ಅವರೆ! ಬಿಟ್ಟೋದ್ರೆ ಅನ್ನಪೂರ್ಣೆ ಸಾಪ ತಟ್ತದೆ. ಆರ್ಸಿ, ಆರ್ಸಿ.”

ಪಟ್ಟಾಭಿ ಕಣ್ಣಲ್ಲಿ ನೀರು ತುಂಬಿಕೊಂಡು ಆರಿಸಿದ. ಮೂಟೆ, ಮುದುಕ ಎರಡನ್ನೂ ದಾಸರಹಳ್ಳಿಯಲ್ಲಿ ಇಳಿಸಿ, ಮೈಯೆಲ್ಲ ಗ್ರೀಸು ಮಾಡಿಕೊಂಡು ಫ್ಯಾಕ್ಟರಿ ಮುಟ್ಟುವ ಹೊತ್ತಿಗೆ ಗೇಟು ಹಾಕಿತ್ತು.

“ಸೈರನ್ ಆಯ್ತು ಸಾರ್. ಲೇಟು” ಎಂದ ವಾಚ್‌ಮನ್ ದಾಸಪ್ಪ.

ಪಟ್ಟಾಭಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಕಣ್ಣು ಬಸ್ಸು ನಿಲ್ಲುವ ಕಡೆ ಹೋಯಿತು. ಬಸ್ಸೇ ಇಲ್ಲ! “ಬಸ್ಸೂ ಬಂದಿಲ್ವಾ? ಹಾಗಿದ್ರೆ ನಾಣಿಗೂ ಲೇಟು! ಇಬ್ರೂ ಸಮ!” ಹೋಗಿದ್ದ ಜೀವ ಬಂತು. ಕುಕ್ಕರಿನ ಸೀಟಿ ಕಿವಿಯಲ್ಲೇ ಕೇಳಿಸಿತು.

ಎಷ್ಟೋ ಹೊತ್ತಾದ ಮೇಲೆ ಬಸ್ಸು ಬಂತು. ದಾಸಪ್ಪ ಗೇಟನ್ನು ಅಗಲವಾಗಿ ತೆರೆದು ಸಲಾಮು ಹೊಡೆದ.

“ಅವರಿಗೆ ಲೇಟು ಹಾಕಲ್ವೇನಯ್ಯಾ?”

“ಕಂಪನಿ ಬಸ್ಸು ಸಾರ್ ಅದು. ಅದು ತಡವಾದ್ರೆ ಕಂಪನಿದೇ ತಪ್ಪು. ಒಳಗಿರೋರಿಗೆ ಲೇಟು ಹಾಕಂಗಿಲ್ಲ.”

ನಾಣಿ ಇಳಿದವನೇ ರೇಗಿದ. “ಎಲ್ಲೋ ಹಾಳಾಗಿ ಹೋಗಿದ್ದೆ? ಬಸ್ ತಪ್ಪಿದ್ರೆ ನಿನ್ ಕುಕ್ಕರ್ ಹೋಗತ್ತಲ್ಲಾ ಅಂತ ಬೈರಪ್ಪನ ಕಾಲು ಹಿಡಿದು ಬಸ್ ನಿಲ್ಲಿಸ್ಕೊಂಡಿದ್ದೆ ಕಣೋ! ಮನೇಲಿ ಕೇಳಿದಾಗೆಲ್ಲ ಸ್ನಾನ ಮಾಡ್ತಿದಾರೆ ಅಂತಾರೆ. ಅದೇನು ಸ್ನಾನಾನೋ, ಕುಂಭಮೇಳಾನೋ?”

ಪಟ್ಟಾಭಿ ಗ್ರೀಸಿನ ಕೈಯನ್ನು ಅಂಗಿಗೆ ಒರೆಸಿಕೊಂಡ.

ಸಂಜೆ ಚಪ್ಪಾಳೆಯ ನಡುವೆ ಕುಕ್ಕರು ನಾಣಿಯ ಕೈಸೇರಿತು. ಅವನಿಗೆ ಸಂಕೋಚವೂ ಆಯಿತು, ಒಂದು ಉಪಾಯವೂ ಹೊಳೆಯಿತು. “ಬಸ್ಸಲ್ಲಿ ನೂಕುನುಗ್ಗಲು, ನಜ್ಜುಗುಜ್ಜಾಗತ್ತೆ ಕಣೋ. ನಿಂದು ಹೇಗೂ ಸೈಕಲ್ ಇದೆ. ನಮ್ಮನೆಗೆ ತಲುಪಿಸ್ಬಿಡು.”

ಪಟ್ಟಾಭಿ ಬೀದಿ ತಿರುಗುವುದನ್ನು ಭಾನುಮತಿ ಕಂಡಳು, ಕ್ಯಾರಿಯರಿನ ಮೇಲಿನ ಕುಕ್ಕರ್ ಡಬ್ಬವನ್ನೂ ಕಂಡಳು. “ಬಂತು! ವಸಂತಮ್ಮೋರೇ, ನಾನ್ ಹೇಳ್ಲಿಲ್ವಾ!” ಎಂದು ಆರತಿ ತಟ್ಟೆ ಹಿಡಿದು ಬಾಗಿಲಿಗೆ ಓಡಿ ಬಂದಳು. ಅಕ್ಕಪಕ್ಕದವರೂ ಬಂದು ಸೇರಿದರು.

ಪಟ್ಟಾಭಿ ತಲೆ ತಗ್ಗಿಸಿ ತುಳಿದ.

“ರೀ, ಮನೆ ಇಲ್ಲೇ ಕಣ್ರೀ! ಮುಂದೆ ಎಲ್ಲಿಗೆ ಹೋಗ್ತಿದೀರಾ?”