ಎಲೆಗೆ ಹಾಕಿದ ಹಂದರ

ಕರೆಂಟಿನವರು ಬಂದು ತಂತಿಗೆ ತಾಗುತ್ತಿದ್ದ ಬೇವಿನ ಟೊಂಗೆಗಳನ್ನು ಕಡಿದು ಹೋದದ್ದೇ ತಡ, ಬಸವಕಲ್ಯಾಣದ ಗುಮಾಸ್ತ ತುಳಜಾರಾಮನ ಅಂಗಳದ ನೆರಳೆಲ್ಲ ಮಾಯವಾಯಿತು.

ಆ ನೆರಳಲ್ಲಿ ಅವನು ಹೋಸ್ಟಾ ಬೆಳೆಸಿದ್ದ. ಎಲೆಯ ಚೆಂದಕ್ಕೇ ಬೆಳೆಸುವ, ಬಿಸಿಲು ಬಿದ್ದರೆ ಸುಟ್ಟುಹೋಗುವ ಗಿಡ. ಹೈದರಾಬಾದಿನಿಂದ ತಂದ ಗಡ್ಡೆ ನಮ್ಮೂರ ಮಣ್ಣು ತಿಂದು ಎಂಥ ಎಲೆ ಬಿಟ್ಟಿತ್ತೆಂದರೆ, ಒಂದೆಲೆಯ ಹಿಂದೆ ನಿಂತಿದ್ದ ಎಮ್ಮೆಯನ್ನು ಹುಡುಕಲು ಇಡೀ ಓಣಿಯೇ ಹೊರಟಿತ್ತು. ನಂಬದಿದ್ದರೆ ಎಮ್ಮೆಯನ್ನೇ ಕೇಳಿ. ಮರುದಿನ ಹುಮನಾಬಾದಿನಲ್ಲಿ ಗಿಡಗಳ ಪ್ರದರ್ಶನ. ನಲವತ್ತು ದಾಟಿದರೂ ಲಗ್ನವಾಗದ ತುಳಜಾರಾಮನಿಗೆ ನಾಲ್ಕು ಮಂದಿಗೆ ತೋರಿಸಲು ಇದ್ದದ್ದು ಆ ಎಲೆಗಳಷ್ಟೇ.

ಓಡಿಹೋಗಿ ಅಬ್ದುಲ್ ಕರೀಂ ಚಾಚಾನ ಬಾಡಿಗೆ ಸಾಮಾನಿನ ಅಂಗಡಿಯಲ್ಲಿ ಉಳಿದಿದ್ದ ಒಂದೇ ಶಾಮಿಯಾನ ತಂದ. ಗಿಡಗಳ ಮೇಲೆ ಹಂದರ ಹಾಕಿಸಿದ.

ಪಕ್ಕದ ಮನೆಯ ಸಂಗಮ್ಮ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಬಂದಳು. "ಹಂದ್ರ ಹಾಕೀದಿ, ನಮಗೊಂದು ಮಾತು ಹೇಳಬಾರದೇನೋ ತಮ್ಮಾ?"

"ಎಲಿಗಿ ಬಿಸಲು ಬಡೀಬಾರ್ದಂತ ಹಾಕೀನಿ ಅಕ್ಕಾ."

"ಎಲಿಗಿ ಯಾರರ ಹಂದ್ರ ಹಾಕ್ತಾರೇನು? ಹಾಕಿದ ಮ್ಯಾಲ ಕಾರ್ಯ ಆಗಲಾರದ ಬಿಚ್ಚಬಾರ್ದು. ಸುಮ್ನ ಜಳಕಾ ಮಾಡಿ ಹೊಸ ಧೋತ್ರ ಉಟ್ಕೋ. ಮಂಠಾಳದಾಗ ಹೆಣ್ಣು ತಯ್ಯಾರ ಅದ."

ತುಳಜಾರಾಮನ ಎದೆ ಹುಲಸೂರ ಬಸ್ಸಿನ ಇಂಜಿನ್ನಿನಂತೆ ಬಡಿದುಕೊಂಡಿತು. ಎಲೆ ಮರೆತ, ಪ್ರದರ್ಶನ ಮರೆತ. ಅವನು ಅಂದು ಮಾಡಿದ ಜಳಕಕ್ಕೆ ತಳ ಕಂಡ ಓಣಿಯ ಬಾವಿ ಇಂದಿಗೂ ಪೂರ್ತಿ ತುಂಬಿಲ್ಲ. ಅಂಗಳದಲ್ಲಿ ಹಲಗೆ ಬಾರಿಸುವ ಸದ್ದು ಕೇಳಿದಾಗ ಅವನಿನ್ನೂ ಕನ್ನಡಿಯ ಮುಂದೆ ಮೀಸೆ ತಿರುವುತ್ತಿದ್ದ.

ಹೊರಗೆ ಬಂದರೆ, ಹಂದರದಲ್ಲಿ ಸಂಗಮ್ಮನ ತಮ್ಮನ ಮಗ ವೈಜನಾಥ ಬಾಸಿಂಗ ಕಟ್ಟಿಕೊಂಡು ಕುಳಿತಿದ್ದಾನೆ!

"ಅಕ್ಕಾ, ಇವ ಯಾಕ ಕುಂತಾನ?"

"ಮದಿಮಗ ಕೂಡಲಾರದ ಮತ್ತ್ಯಾರು ಕೂಡಬೇಕು? ಊರಾಗಿನ ಕಡೀ ಶಾಮಿಯಾನ ನೀ ಒಯ್ದಿ, ಇವನ ಲಗ್ನ ನಿಂತಿತ್ತು. ನಿನ್ನ ಹಂದ್ರದಾಗೇ ಮುಗಸಾಕತ್ತೇವಿ."

"ಮತ್ತ ನನಗ್ಯಾಕ ಜಳಕಾ?"

"ಮನೀ ಯಜಮಾನ ಮಾಸಿದ ಅಂಗಿ ಮ್ಯಾಲ ನಿಂತ್ರ ಬೀಗರು ಏನಂತಾರ?"

ಅಕ್ಷತೆ ಬಿತ್ತು. ಪಂಕ್ತಿ ಕೂತಿತು. ಆಗ ತುಳಜಾರಾಮ ಗಿಡಗಳತ್ತ ತಿರುಗಿದ. ಬರೀ ದಂಟುಗಳು. ಒಂದೊಂದು ಎಲೆಗೆ ನಾಲ್ಕು ಮಂದಿ ಕೂತು ಹುಗ್ಗಿ ಹೊಡೆಯುತ್ತಿದ್ದರು.

"ಯಜಮಾನ್ರ, ಒಂದು ಹನಿ ತುಪ್ಪ ಸೋರಲಿಲ್ಲ ನೋಡ್ರಿ," ಎಂದರು ಹೆಣ್ಣಿನ ತಂದೆ. "ಇಂಥಾ ಎಲಿ ಹುಮನಾಬಾದದಾಗೂ ಸಿಗಂಗಿಲ್ಲ."

ಉಳಿದಿದ್ದ ಕೊನೆಯ ಎಲೆಯಲ್ಲಿ ಸಂಗಮ್ಮ ಅವನಿಗೂ ಬಡಿಸಿದಳು. ಮೂರು ಸಲ ಹಾಕಿಸಿಕೊಂಡ.

ಸಂಜೆ ಅಬ್ದುಲ್ ಕರೀಂ ಬಂದ. "ಕಾರ್ಯ ಆಯ್ತಲ್ಲ, ಬಿಚ್ಚಲೇನ್ರಿ ಸಾಹೇಬ್ರ?"

ತುಳಜಾರಾಮ ಬೋಳು ದಂಟುಗಳನ್ನು ನೋಡಿ, ಹೊಸ ಧೋತರದ ನಿರಿಗೆ ಸರಿಪಡಿಸಿಕೊಂಡ.

"ಇನ್ನೆರಡು ದಿನ ಇರಲಿ ಚಾಚಾ. ಗಡ್ಡಿ ಇನ್ನಾ ಜೀವ ಹಿಡದಾವ."