ಊಟದ ಜೊತೆಗೋ, ಊಟದ ಬದಲಿಗೋ

ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಕಟ್ಟಿದವರು, ಹೇಳುವುದೊಂದು ಮಾಡುವುದೊಂದು ಎನ್ನುವ ಜನರನ್ನು ಕಂಡು ಸಿಟ್ಟಾಗಿದ್ದಿರಬೇಕು. ನನ್ನನ್ನು ಕಂಡಿದ್ದರೆ ಆ ಶಾಸ್ತ್ರಿಗಳನ್ನು ಕ್ಷಮಿಸಿಬಿಡುತ್ತಿದ್ದರು. ಶಾಸ್ತ್ರ ಹೇಳಿದ ಮೇಲೆ ಅವರು ಬದನೆಕಾಯಿಯನ್ನಾದರೂ ತಿನ್ನುತ್ತಿದ್ದರು. ನಾನು ಅದನ್ನೂ ತಿನ್ನುತ್ತಿರಲಿಲ್ಲ. ನನ್ನ ಮನೆ ಇರುವುದು ಬಸವನ ಬಾಗೇವಾಡಿಯಲ್ಲಿ. ಅಲ್ಲಿಂದ ಬಸ್ಸಿನಲ್ಲಿ ಹೋಗಿಬರುವ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಸಮತೋಲನ ಆಹಾರದ ಪಾಠವನ್ನು ಪುಸ್ತಕ ತೆರೆಯದೆ, ನಡುವೆ ಗದರಿಸುವುದನ್ನೂ ಸೇರಿಸಿ, ಒಂದೇ ಉಸಿರಿನಲ್ಲಿ ಹೇಳಬಲ್ಲೆ. ಬಿಸಿಯೂಟದ ಹೊತ್ತಿಗೆ ಮಕ್ಕಳ ನಡುವೆ ಓಡಾಡಿ, ‘ಕಾಳು ಬಿಟ್ಟಿಯಲ್ಲ, ತಿನ್ನು’, ‘ತತ್ತಿ ಯಾರಿಗೆ ಕೊಟ್ಟಿ?’ ಎಂದು ವಿಚಾರಿಸುತ್ತೇನೆ. ಇಷ್ಟೆಲ್ಲ ವಿಚಾರಣೆ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ನನ್ನ ಡಬ್ಬಿ ಮುಂಜಾನೆ ಕಟ್ಟಿದ ಹಾಗೆಯೇ ಚೀಲದಲ್ಲಿ ಕುಳಿತಿರುತ್ತದೆ. ಮುಂಜಾನೆಯ ನಾಷ್ಟಾ ಅಂದರೆ ಬಸ್ಸಿನ ಗಡಿಬಿಡಿಯಲ್ಲಿ ಎರಡು ಕಪ್ ಚಹಾ, ಅದರಲ್ಲಿ ಅದ್ದಿದ ಒಂದು ಟೋಸ್ಟು.

ಹೀಗಿರುವಾಗ ಎಂಟನೆಯ ತರಗತಿಯಲ್ಲಿ ಅದೇ ಪಾಠ ನಡೆದಿತ್ತು. ಬೋರ್ಡಿನ ಮೇಲೆ ‘ಪ್ರೋಟೀನ್’ ಎಂದು ಬರೆಯತೊಡಗಿದ್ದೆ. ‘ಟಿ’ ಬರೆದು ದೀರ್ಘ ಎಳೆಯುವಷ್ಟರಲ್ಲಿ ಬೋರ್ಡು ಮೆಲ್ಲಗೆ ಮೇಲಕ್ಕೆ ಹೋಗತೊಡಗಿತು. ಬೋರ್ಡು ಇದ್ದಲ್ಲಿಯೇ ಇತ್ತು, ಕೆಳಗೆ ಬಂದವಳು ನಾನೇ ಎಂಬುದು ಆಮೇಲೆ ತಿಳಿಯಿತು. ಬಿದ್ದದ್ದಕ್ಕಿಂತ ದೊಡ್ಡ ಕಷ್ಟವೆಂದರೆ, ನಾನು ಪಾಠಕ್ಕೆ ಅಭಿನಯ ಸೇರಿಸುವ ಟೀಚರೆಂದು ಹೆಸರಾದವಳು. ಹೃದಯದ ಪಾಠಕ್ಕೆ ಮುಷ್ಟಿ ಬಿಗಿದು ಬಿಚ್ಚಿ ತೋರಿಸಿದ್ದೆ, ಭೂಕಂಪಕ್ಕೆ ಟೇಬಲ್ಲನ್ನು ಗಡಗಡ ಅಲುಗಾಡಿಸಿದ್ದೆ. ಮಕ್ಕಳು ಇದೂ ಪಾಠವೇ ಇರಬೇಕೆಂದು ಸುಮ್ಮನೆ ನೋಡುತ್ತ ಕುಳಿತವು. ಮುಂದಿನ ಸಾಲಿನ ಹುಡುಗಿಯೊಬ್ಬಳು, “ಏ, ಗದ್ಲಾ ಮಾಡಬ್ಯಾಡ್ರಿ. ಪ್ರೋಟೀನ್ ಕಡಿಮಿ ಆದ್ರ ಏನಾಗ್ತೈತಿ ಅಂತ ಟೀಚರ್ ತೋರ್ಸಾಕತ್ತಾರ” ಎಂದು ಉಳಿದವರನ್ನು ಸುಮ್ಮನಾಗಿಸಿದಳಂತೆ. ಆಮೇಲೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಪಕ್ಕದ ತರಗತಿಯಲ್ಲಿ ಕನ್ನಡ ಪಾಠ ಮಾಡುತ್ತಿದ್ದ ರಜಿಯಾ ಟೀಚರ್ ಓಡಿಬಂದು ಮುಖಕ್ಕೆ ನೀರು ಹೊಡೆದರು. ಅವರೇ ನನ್ನನ್ನು ಬಾಗೇವಾಡಿಯ ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ಡಾಕ್ಟರಮ್ಮ ರಿಪೋರ್ಟು ನೋಡಿ, ರಕ್ತಕ್ಕೆ ಗುಳಿಗೆ ಬರೆದುಕೊಟ್ಟು ಹೇಳಿದರು: “ಟೀಚರ್, ಮೊದಲ ಹೊತ್ತಿಗೆ ಸರಿಯಾಗಿ ಊಟಾ ಮಾಡ್ರಿ. ಮುಂಜಾನೆ ನಾಷ್ಟಾ ಬಿಡಬ್ಯಾಡ್ರಿ. ಅದರ ಜೋಡಿ ಬೇಕಾದ್ರ ಸ್ವಲ್ಪ ದಿನಾ ಪ್ರೋಟೀನ್ ಪುಡಿ ಹಾಲಿನ್ಯಾಗ ಹಾಕ್ಕೊಂಡು ಕುಡೀರಿ. ಊಟದ ಜೋಡಿ ಅಂದೇನಿ, ಊಟದ ಬದಲಿ ಅಲ್ಲ.”

ಮನುಷ್ಯನ ಕಿವಿ ವಿಚಿತ್ರವಾದ ಜರಡಿ. ಇಷ್ಟು ಮಾತಿನಲ್ಲಿ ನನ್ನ ಕಿವಿಯಲ್ಲಿ ಉಳಿದದ್ದು ‘ಪುಡಿ’ ಮತ್ತು ‘ಬದಲಿ’ ಎಂಬ ಎರಡು ಶಬ್ದ. ನಾಷ್ಟಾದ ಬದಲಿಗೆ ಒಂದು ಲೋಟ ಕುಡಿದು ಬಸ್ಸು ಹಿಡಿಯಬಹುದು! ವಿಜ್ಞಾನ ನನ್ನಂಥವರ ಕಷ್ಟ ನೋಡಿಯೇ ಮುಂದುವರಿದಿದೆ ಎನ್ನಿಸಿತು. ಅದೇ ಸಂಜೆ ಪ್ರೋಟೀನ್ ಪುಡಿಯ ಡಬ್ಬಿ ಮನೆಗೆ ಬಂತು. ಆಲಮಟ್ಟಿಯ ಕಾಲುವೆ ಆಫೀಸಿನಿಂದ ಬಂದ ನನ್ನವರು ಎಲ್ಲ ಕೇಳಿ, “ಬಿದ್ದದ್ದು ಅವ್ವಗ ಹೇಳಬ್ಯಾಡ. ಸುಮ್ನ ಗಾಬರಿ ಆಗ್ತಾಳ” ಎಂದರು. ನಾನೂ ತಲೆಯಾಡಿಸಿದೆ.

ಅವ್ವ ಅಂದರೆ ನನ್ನ ಅತ್ತೆ ಸೋನಾಬಾಯಿ. ಪಂಢರಪುರದ ವಿಠ್ಠಲನ ಭಕ್ತರು, ಕೊರಳಲ್ಲಿ ತುಳಸಿ ಮಾಲೆ, ಸಿಟ್ಟು ಬಂದರೆ ಮರಾಠಿ. ನಮ್ಮ ಮನೆಯ ಅಡುಗೆಮನೆ ಅವರ ರಾಜ್ಯ. ಅವರು ಬಡಿದ ಜೋಳದ ರೊಟ್ಟಿ ಹೆಂಚಿನ ಮೇಲೆ ಉಬ್ಬುವುದನ್ನು ನೋಡಲೆಂದೇ ನೆರೆಯವರು ಯಾವುದಾದರೂ ನೆಪ ತೆಗೆದು ಬರುತ್ತಾರೆ. ಈ ರಾಜ್ಯದೊಳಗೆ, ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ, ನಾನು ನನ್ನ ಹೊಸ ಡಬ್ಬಿಯನ್ನು ಇಟ್ಟೆ. ಮರುದಿನ ಅತ್ತೆ ನನ್ನನ್ನು ಕರೆದರು.

“ಸುಮಾ, ಇಂವಾ ಯಾರು?”

ಡಬ್ಬಿಯ ಮೇಲೆ ಮೈಯೆಲ್ಲ ಗಂಟು ಗಂಟಾದ ಗಂಡಸೊಬ್ಬ ತೋಳು ಮಡಚಿ ನಿಂತಿದ್ದ.

“ಯಾರೂ ಅಲ್ರಿ ಅತ್ಯಾ, ಜಾಹೀರಾತಿನಂವ.”

“ಜಾಹೀರಾತಿನಂವ ಆದ್ರ ಅಂಗಿ ಹಾಕ್ಕೋಬಾರದೇನು? ಇಲ್ಲಿಂದ ದೇವರ ಜಗಲಿ ಕಾಣತೈತಿ.”

ಡಬ್ಬಿಯನ್ನು ಗೋಡೆಯ ಕಡೆ ತಿರುಗಿಸಿದರು. ಆ ಬದಿಯಲ್ಲಿಯೂ ಅವನೇ ಇದ್ದ, ಬೆನ್ನು ತೋರಿಸಿಕೊಂಡು. ಅತ್ತೆ ನಿಟ್ಟುಸಿರು ಬಿಟ್ಟು ಒಂದು ಹಳೆಯ ಟವೆಲ್ ತಂದು ಅವನಿಗೆ ಹೊದಿಸಿದರು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. “ಯಾಕ ತಂದಿ ಇದನ್ನ?” ಎಂದು ಕೇಳಿದರು. ಶಕ್ತಿಗೆ ಎಂದೆ. “ನನ್ನ ರೊಟ್ಟ್ಯಾಗ ಶಕ್ತಿ ಇಲ್ಲೇನು?” ಎಂದರು. ಇಂಥ ಪ್ರಶ್ನೆಗೆ ಲೋಕದ ಯಾವ ಸೊಸೆಯಾದರೂ ಕೊಡುವ ಉತ್ತರ ಒಂದೇ. ನಾನು ಮಾತ್ರ ವಿಜ್ಞಾನದ ಉತ್ತರ ಕೊಟ್ಟೆ: “ಐತ್ರಿ ಅತ್ಯಾ, ಆದ್ರ ಸಾಲೂದಿಲ್ಲ.”

ಅತ್ತೆ ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಒತ್ತಿ ಹೊರಗೆ ಹೋದರು. ಮರಾಠಿ ಕೂಡ ಬರಲಿಲ್ಲ. ಅದನ್ನು ನಾನು ಒಪ್ಪಿಗೆ ಎಂದು ತಿಳಿದುಕೊಂಡೆ.

ಮರುದಿನದಿಂದ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಸೀಸೆಯೊಳಗೆ ಪುಡಿ ಕುಲುಕುವ ಸದ್ದಿನಿಂದ. ಆ ಸೀಸೆಯಲ್ಲಿ ತಂತಿಯ ಚೆಂಡೊಂದಿರುತ್ತದೆ. ಕುಲುಕಿದರೆ ಸಂತೆಯಲ್ಲಿ ಮಕ್ಕಳ ಗಿಲಿಗಿಲಿ ಆಟಿಕೆ ಮಾರುವವನು ಮನೆಗೇ ಬಂದಂತಾಗುತ್ತದೆ. ನನ್ನವರಿಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಡಬ್ಬಿಯ ಮೇಲಿನ ಗಂಡಸನ್ನು ಟವೆಲ್ ಸರಿಸಿ ನೋಡಿದ ಮೇಲೆ, “ನನಗೂ ಒಂದು ಲೋಟ ಇರ್ಲಿ” ಎಂದರು. ಒಂದು ದಿನ ಆಫೀಸಿಗೆ ಹೊರಟು ನಿಂತವರು ತಾವೇ ಕುಲುಕಲು ಹೋದರು. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಚಾಕೊಲೇಟ್ ಬಣ್ಣದ ಹಾಲು ಅವರ ಬಿಳಿ ಅಂಗಿಯಿಂದ ಹಿಡಿದು ಕ್ಯಾಲೆಂಡರಿನವರೆಗೆ ಹಾರಿತು. ಅತ್ತೆ ಅದನ್ನೂ ನೋಡಿದರು. ಅವರ ಕಣ್ಣು ಗೋಡೆಯ ಮೇಲೆ ನಿಲ್ಲಲಿಲ್ಲ, ರೊಟ್ಟಿಯ ಬುಟ್ಟಿಯ ಮೇಲೆ ನಿಂತಿತು. ಬುಟ್ಟಿಯಲ್ಲಿ ಮುಂಜಾನೆ ಬಡಿದ ರೊಟ್ಟಿ ಬಡಿದಷ್ಟೇ ಇತ್ತು.

ಆ ಶನಿವಾರ ನಾನು ಶಾಲೆಯಿಂದ ಬರುವ ಹೊತ್ತಿಗೆ ಅತ್ತೆ ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. “ಮುದ್ದೇಬಿಹಾಳಕ್ಕ ಮಗಳ ಮನಿಗಿ ಹೋಗ್ತೇನಿ” ಎಂದರು. ಯಾಕೆಂದು ಕೇಳಿದೆ. “ಅಲ್ಲಿ ಇನ್ನೂ ಹಲ್ಲಿಲೆ ಅಗದು ಊಟಾ ಮಾಡೋ ಮಂದಿ ಅದಾರ” ಎಂದು ಹೇಳಿ, ನನ್ನವರ ಜೊತೆ ಬಸ್ ನಿಲ್ದಾಣಕ್ಕೆ ನಡೆದರು. ಬಾಗಿಲಲ್ಲಿ ತಿರುಗಿ ನೋಡಲಿಲ್ಲ.

ನಿಜ ಹೇಳಬೇಕೆಂದರೆ, ಮೊದಲ ದಿನ ನಮಗೆ ಸ್ವಲ್ಪ ಹಗುರವೆನಿಸಿತು. ಮುಂಜಾನೆಗೂ ಪುಡಿ, ರಾತ್ರಿಗೂ ಪುಡಿ. ಪಾತ್ರೆ ತೊಳೆಯುವ ಕೆಲಸವಿಲ್ಲ. ಆದರೆ ಹೊಟ್ಟೆಯನ್ನು ಲೋಟ ತೋರಿಸಿ ಎಷ್ಟು ದಿನ ಸುಮ್ಮನಿರಿಸಬಹುದು? ಕುಡಿದ ಕೂಡಲೆ ತುಂಬಿದಂತಾಗುತ್ತಿತ್ತು. ಎರಡನೆಯ ಪಿರಿಯಡ್ಡಿನ ಹೊತ್ತಿಗೆ ಮಳೆಗಾಲದ ಡೋಣಿ ಹಳ್ಳದಂತೆ ಒಳಗೆ ಸದ್ದು ಶುರುವಾಗುತ್ತಿತ್ತು. ಮಕ್ಕಳ ಮೇಲೆ ಕಾರಣವಿಲ್ಲದೆ ರೇಗುತ್ತಿದ್ದೆ. ನನ್ನವರ ಅಂಗಿಯಿಂದ ದಿನಾ ಸಂಜೆ ಮಿರ್ಚಿ ಭಜಿಯ ವಾಸನೆ ಬರತೊಡಗಿತು. ಕೇಳಿದರೆ, “ಆಫೀಸಿನ ಮುಂದ ಗಾಳಿ ಹಂಗ ಬೀಸತೈತಿ” ಎಂದರು.

ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ತಲೆ ಹಿಡಿದು ಕುಳಿತಿದ್ದೆ. ರಜಿಯಾ ಟೀಚರ್ ತಮ್ಮ ಡಬ್ಬಿ ಬಿಚ್ಚುತ್ತ ಕೇಳಿದರು.

“ಏನ್ರಿ ಸುಮಾ ಟೀಚರ್, ನಮ್ಮಂಗ ರೋಜಾ ಉಪಾಸ ಹಿಡಿದೀರೇನು?”

ಮುಂಜಾನೆ ಶೇಕ್ ಕುಡಿದಿದ್ದೇನೆ ಎಂದೆ.

“ಅದರ ಮ್ಯಾಲೆ ಏನ ತಿಂದ್ರಿ?”

“ಏನಿಲ್ಲ. ಅದು ಊಟದ ಬದಲಿ ಅಲ್ರೀ?”

ರಜಿಯಾ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು. “ಡಾಕ್ಟರ್ ಹೇಳುವಾಗ ನಾ ಬಾಜೂಕ ಕುಂತಿದ್ನಿ. ಊಟದ ಜೋಡಿ ಅಂದ್ರು, ಬದಲಿ ಅಲ್ಲ ಅಂದ್ರು. ನಮ್ಮ ಮೈದುನಾನೂ ಹಿಂಗ ಮಾಡಿದ್ದ. ರಂಜಾನದಾಗ ನಸುಕಿನ್ಯಾಗ ಸಹರಿ ಊಟಕ್ಕ ಎಲ್ಲಾರೂ ರೊಟ್ಟಿ ಪಲ್ಯ ತಿಂದ್ರ, ಇಂವಾ ಶೇಕ್ ಒಂದು ಕುಡದು, ‘ಸಂಜೀಮಟ ಇದ ಸಾಕು’ ಅಂದ. ಮಧ್ಯಾಹ್ನಕ್ಕ ಮಾರಿ ಬಾಡಿಸ್ಕೊಂಡು ಅಂಗಡ್ಯಾಗ ಗಿರಾಕಿ ಜೋಡಿ ಜಗಳಾ ತೆಗದಿದ್ದ. ಪುಣ್ಯದ ತಿಂಗಳಾಗ ಜಗಳಾ! ಮರುದಿನದಿಂದ ನಮ್ಮ ಅತ್ತಿ ಮೊದಲು ರೊಟ್ಟಿ, ಮ್ಯಾಲೆ ಅವನ ಶೇಕ್ ಅಂದ್ರು. ಆಮ್ಯಾಲೆ ತಿಂಗಳು ಪೂರ್ತಿ ಆರಾಮ ಇದ್ದ.” ಹೀಗೆ ಹೇಳಿ ನನ್ನ ಮುಂದೆ ಡಬ್ಬಿ ಸರಿಸಿದರು. “ನಿಮ್ಮ ಅತ್ತಿ ಎಲ್ಲಿ ಅದಾರ?”

ಮುದ್ದೇಬಿಹಾಳ ಎಂದೆ. ಅವರ ಡಬ್ಬಿಗೆ ಕೈ ಹಾಕುವಾಗ ಅತ್ತೆಯ ರೊಟ್ಟಿಯ ಬುಟ್ಟಿ ನೆನಪಾಯಿತು. ಹಸಿವೆಯಿಂದಲೇ ಇರಬೇಕು ಎಂದುಕೊಂಡೆ.

ಭಾನುವಾರ ಮುದ್ದೇಬಿಹಾಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಮನಸ್ಸಿನಲ್ಲಿಯೇ ಬರೆದೆ, ಅಳಿಸಿದೆ. ನಾದಿನಿಯ ಮನೆಯಲ್ಲಿ ಅತ್ತೆ ಒಲೆಯ ಮುಂದೆಯೇ ಕುಳಿತಿದ್ದರು. ನನ್ನನ್ನು ನೋಡಿ, “ಬಂದೇನು? ಡಬ್ಬಿ ತಂದೀಯಿಲ್ಲೋ?” ಎಂದರು. ಕೈ ಮಾತ್ರ ರೊಟ್ಟಿ ಬಡಿಯುತ್ತಲೇ ಇತ್ತು. ನಾನು ಬಸ್ಸಿನಲ್ಲಿ ಸಿದ್ಧಮಾಡಿದ ಮಾತೆಲ್ಲ ಎಲ್ಲಿಯೋ ಇಳಿದು ಹೋಗಿತ್ತು. ಹೆಂಚಿನ ಮೇಲೆ ರೊಟ್ಟಿ ಉಬ್ಬಿತು. ಆ ವಾಸನೆಗೆ ನನ್ನ ಬಾಯಿಂದ ಬಂದದ್ದು ಇಷ್ಟೇ:

“ಅತ್ಯಾ, ಭಾಳ ಹಸಿವ್ಯಾಗೇತ್ರಿ.”

ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮಾತನ್ನು ನಾನು ಅವರಿಗೆ ಹೇಳಿರಲೇ ಇಲ್ಲ. ಹೊತ್ತಾಯಿತು ಎಂದಿದ್ದೆ, ಬಸ್ಸು ಬಂತು ಎಂದಿದ್ದೆ, ಆಮೇಲೆ ತಿನ್ನುತ್ತೇನೆ ಎಂದಿದ್ದೆ. ಅತ್ತೆಯ ಕೈ ನಿಂತಿತು. ನನ್ನ ಮುಂದೆ ತಾಟು ಇಟ್ಟರು. ಬಿಸಿ ರೊಟ್ಟಿ, ಮೊಳಕೆ ಬಂದ ಮಡಿಕೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಅದರ ಮೇಲೆ ಗಟ್ಟಿ ಮೊಸರು. ನಾನು ತಲೆಯೆತ್ತದೆ ತಿಂದೆ. ಎರಡನೆಯ ರೊಟ್ಟಿ ಮುಗಿಯುವಾಗ ಅವರು ಮೆಲ್ಲಗೆ ಶುರುಮಾಡಿದರು.

“ನೀ ಸಾಲ್ಯಾಗ ಬಿದ್ದದ್ದು ನನಗ ಪ್ಯಾಟ್ಯಾಗ ಕಾಯಿಪಲ್ಲೆ ಮಾರಾಕಿ ಹೇಳಿದಳು. ಮನ್ಯಾಗ ಇಬ್ಬರು ಇದ್ದೀರಿ, ಒಬ್ಬರೂ ಬಾಯಿ ಬಿಚ್ಚಲಿಲ್ಲ.”

“ನೀವು ಗಾಬರಿ ಆಗ್ತೀರಂತ...”

“ಪುಡಿ ತಂದಿದ್ದಕ್ಕ ನನಗ ಸಿಟ್ಟಿಲ್ಲ ಸುಮಾ. ಮನ್ಯಾಗ ಜ್ವಾಳ ಐತಿ, ಕಾಳು ಐತಿ, ಹೈನ ಐತಿ. ಇಷ್ಟ ಇದ್ದು ಸೊಸಿ ಹಸಕೊಂಡು ಬಿದ್ದಳಂದ್ರ, ನೀ ಅಲ್ಲ ಬಿದ್ದಾಕಿ. ನಾ ಬಿದ್ದಂಗ.” ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಗೆ ಬಹಳವಾಯಿತು ಎಂದರು. ನಾದಿನಿಯ ಮನೆಯಲ್ಲಿ ಇರುವುದು ಗ್ಯಾಸಿನ ಒಲೆ.

ಸಂಜೆಯ ಬಸ್ಸಿಗೆ ಇಬ್ಬರೂ ಬಾಗೇವಾಡಿಗೆ ಬಂದೆವು. ನಾಲ್ಕು ದಿನ ಬಿಟ್ಟು ಡಾಕ್ಟರಮ್ಮನ ಹತ್ತಿರ ನನಗಿಂತ ಮೊದಲು ಹೊರಟು ನಿಂತವರು ಅತ್ತೆ. ನನ್ನ ಕಿವಿಯ ಮೇಲೆ ಅವರಿಗೆ ನಂಬಿಕೆ ಉಳಿದಿರಲಿಲ್ಲ.

“ಈ ಪುಡೀನ ಊಟದ ಮುಂಚೆ ಕುಡೀಬೇಕೋ, ಆಮ್ಯಾಲೋ?” ಎಂದು ಕೇಳಿದರು.

“ಯಾವಾಗಾದ್ರೂ ನಡೀತೈತ್ರಿ. ಊಟ ಮಾತ್ರ ತಪ್ಪಬಾರದು. ಸಾಲಿಯಿಂದ ಬಂದ ಮ್ಯಾಲೆ ಸಂಜೀಮುಂದ ಕೊಡ್ರಿ, ರಾತ್ರಿ ಊಟಕ್ಕ ಅಡ್ಡ ಆಗೂದಿಲ್ಲ.”

“ನನ್ನ ಮಗಾನೂ ಕುಡ್ಯಾಕತ್ತಾನ.”

“ಅವರಿಗೆ ಬೇಕಾಗಿಲ್ಲ ಬಿಡ್ರಿ. ಮನಿ ಊಟಾ ಸಾಕು.”

“ಏಕಾದಶಿಗೆ ನಡೀತೈತೇನು?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರ ಓದಿನಲ್ಲಿ ಈ ಪ್ರಶ್ನೆ ಬಂದಿರಲಿಕ್ಕಿಲ್ಲ. “ಹಾಲಿನಿಂದ ತೆಗೆದದ್ದು ನೋಡ್ರಿ ಅಜ್ಜಿ” ಎಂದಷ್ಟೇ ಹೇಳಿದರು. ಅತ್ತೆ ಕೊರಳಿನ ತುಳಸಿ ಮಾಲೆ ಮುಟ್ಟಿ, “ಹಾಲು ಅಂದಮ್ಯಾಲೆ ವಿಠ್ಠಲ ಬ್ಯಾಡ ಅನ್ನೂದಿಲ್ಲ” ಎಂದು ತೀರ್ಪು ಕೊಟ್ಟರು. ಹೀಗೆ ನಮ್ಮ ಮನೆಯಲ್ಲಿ ಪ್ರೋಟೀನ್ ಪುಡಿಗೆ ವೈದ್ಯರ ಒಪ್ಪಿಗೆಯ ಜೊತೆಗೆ ದೇವರ ಒಪ್ಪಿಗೆಯೂ ಸಿಕ್ಕಿತು. ಈಗ ಮುಂಜಾನೆ ಉಪ್ಪಿಟ್ಟೋ ಅವಲಕ್ಕಿಯೋ ತಿನ್ನದೆ ನಾನು ಹೊಸ್ತಿಲು ದಾಟುವ ಹಾಗಿಲ್ಲ. ಸಂಜೆ ಬಂದಾಗ ಅತ್ತೆ ತಾವೇ ಪುಡಿ ಕಲಸಿ ಇಟ್ಟಿರುತ್ತಾರೆ, ಸ್ಟೀಲ್ ತಂಬಿಗೆಯಲ್ಲಿ, ಕಡಗೋಲಿನಿಂದ ಕಡೆದು. ಗಂಟು ಒಂದೂ ಇರುವುದಿಲ್ಲ. ನನ್ನವರ ಪಾಲು ನಿಂತುಹೋಗಿದೆ. ಅವರು ಮತ್ತೆ ರೊಟ್ಟಿಗೆ ಮರಳಿದ್ದಾರೆ, ಭಜಿಯನ್ನು ಬಿಟ್ಟಿದ್ದಾರೆಂದು ನನಗೆ ನಂಬಿಕೆಯಿಲ್ಲ.

ನನಗೆ ಈಗ ತಲೆ ತಿರುಗುವುದಿಲ್ಲ. ಆದರೆ ಉಳಿದದ್ದು ಮಧ್ಯಾಹ್ನದ ಡಬ್ಬಿ. ಅದನ್ನು ನಾನು ತಿನ್ನುತ್ತೇನೋ ಇಲ್ಲವೋ ಎಂಬ ಸಂಶಯ ಅತ್ತೆಗೆ ಇದ್ದೇ ಇದೆ. ಮುದ್ದೇಬಿಹಾಳದಲ್ಲಿದ್ದಾಗ ಮೊಮ್ಮಗಳಿಂದ ಅವರು ವಿಡಿಯೊ ಕಾಲ್ ಮಾಡುವುದನ್ನು ಕಲಿತಿದ್ದರಂತೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಹೆಡ್ ಮಾಸ್ತರರೂ ಇದ್ದ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ಎತ್ತಿದರೆ ಪರದೆಯ ತುಂಬ ಅತ್ತೆಯ ಹಣೆ.

“ಡಬ್ಬಿ ತೋರಸು” ಎಂದರು.

ಖಾಲಿ ಡಬ್ಬಿ ತೋರಿಸಿದೆ.

“ಪಲ್ಯ ಯಾರು ತಿಂದ್ರು?”

ನನ್ನ ಪಕ್ಕದಲ್ಲಿ ರಜಿಯಾ ಟೀಚರ್ ಅಗಿಯುವುದನ್ನು ನಿಲ್ಲಿಸಿ ಮೇಜಿನ ಕೆಳಗೆ ಏನನ್ನೋ ಹುಡುಕತೊಡಗಿದರು. ನಾನೇ ತಿಂದೆ ಎಂದೆ.

“ನೀ ತಿಂದಿದ್ರ ಬಾಯಿ ತಗಿ, ನೋಡೋಣು.”

ಹೆಡ್ ಮಾಸ್ತರರು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಕಿಟಕಿಯಲ್ಲಿ ನನ್ನ ತರಗತಿಯ ಮಕ್ಕಳು ಒಬ್ಬರ ಮೇಲೊಬ್ಬರು ಏರಿ ನಿಂತಿದ್ದರು. ಇಡೀ ಶಾಲೆ ನನ್ನ ದನಿಗೆ ಹೆದರುತ್ತದೆ ಎಂದು ನಾನು ತಿಳಿದಿದ್ದೆ. ಫೋನನ್ನು ಸ್ವಲ್ಪ ಹತ್ತಿರ ಹಿಡಿದು, ಬೆಳಕು ಸರಿಯಾಗಿ ಬೀಳುವ ಹಾಗೆ ಕಿಟಕಿಯ ಕಡೆ ತಿರುಗಿ, ನಾನು ಬಾಯಿ ತೆರೆದೆ.